ನೊಣ, ಬರಬೇಡ

ನಮ್ಮ ಪಕ್ಕದ ಮನೆಯವರು ಕಳೆದ ತಿಂಗಳು ಇಟಲಿಗೆ ಹೊರಟುಹೋದರು. ತೀರಿಕೊಂಡಿಲ್ಲ. ಮಂಡಿ ಒಂದು ಬಿಟ್ಟರೆ ಗಟ್ಟಿಮುಟ್ಟಾಗಿದ್ದಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಒಬ್ಬರ ಬಗ್ಗೆ ಬರೆಯಲು ಕೂತರೆ ಓದುವವರು ಆ ಮನುಷ್ಯ ಹೋಗಿಬಿಟ್ಟ ಅಂತಲೇ ತಿಳಿಯುತ್ತಾರೆ. ನಾನು ಬರೆಯುತ್ತಿರುವುದು ಸಂತೋಷ ತಡೆಯಲಾರದೆ. ಏನು ಸಂತೋಷ ಅಂತ ಕೊನೆಗೆ ಹೇಳುತ್ತೇನೆ. ಈಗಲೇ ಶುರುಮಾಡಿದರೆ ಕಾಗದವೆಲ್ಲ ನನ್ನ ಮೊಮ್ಮಗಳ ಸುದ್ದಿಗೇ ಮುಗಿದುಹೋಗುತ್ತದೆ, ಅವರ ಸುದ್ದಿಗೆ ಜಾಗ ಉಳಿಯುವುದಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ಮಗಳು ತಿದ್ದುತ್ತೇನೆ ಅಂದಿದ್ದಾಳೆ. ಅವಳಿಗೂ ಬರೆಯುವುದು ಮರೆತಿದೆ, ಆದ್ದರಿಂದ ತಪ್ಪು ಉಳಿದರೆ ಇಬ್ಬರದೂ ಅಂತ ತಿಳಿಯಿರಿ.

ಅವರಿಗೆ ಉದ್ದನೆಯ ಹೆಸರಿತ್ತು. ನನ್ನ ನಾಲಿಗೆಗೆ ಅದು ಹತ್ತಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಅವರನ್ನು ದ್ರಾಕ್ಷಿಯವರು ಅಂತಲೇ ಕರೆಯುತ್ತಿದ್ದೆವು.

ಇಲ್ಫರ್ಡಿನಲ್ಲಿ ನಮ್ಮದು ಸಾಲುಮನೆ. ಅವರಿಗೂ ನಮಗೂ ನಡುವೆ ಒಂದೇ ಗೋಡೆ. ಅವರು ಆ ಕಡೆ ಮೊಳೆ ಹೊಡೆದರೆ ಈ ಕಡೆ ನಮ್ಮ ಕ್ಯಾಲೆಂಡರು ಬೀಳುತ್ತಿತ್ತು. ಹೆಂಡತಿ ತೀರಿಕೊಂಡಿದ್ದರು, ಮಗ ಮ್ಯಾಂಚೆಸ್ಟರಿನಲ್ಲಿದ್ದ. ಇಟಲಿಯ ಪಿಯೆಮೊಂತೆ ಅನ್ನುವ ಸೀಮೆಯಲ್ಲಿ ಅವರ ಮನೆತನದ ದ್ರಾಕ್ಷಿ ತೋಟ ಇದೆ, ಅಲ್ಲೇ ವೈನು ಮಾಡುತ್ತಾರೆ. ಅಣ್ಣ ಅಲ್ಲಿ ಬೆಳೆದು, ಹಿಂಡಿ, ಸೀಸೆಗೆ ತುಂಬಿ ಕಳಿಸುತ್ತಿದ್ದ. ಇವರು ಇಲ್ಲಿ ಬಿಳಿ ವ್ಯಾನಿನಲ್ಲಿ ಹೇರಿಕೊಂಡು ಲಂಡನ್ನಿನ ಹೋಟೆಲುಗಳಿಗೆ ಕೊಟ್ಟು ಬರುತ್ತಿದ್ದರು. ಬೇರೆಯವರು ಸೋಫಾ ಹಾಕುವ ಮುಂದಿನ ಕೋಣೆಯಲ್ಲಿ ಅವರು ಪೆಟ್ಟಿಗೆ ಪೇರಿಸಿದ್ದರು. ಹೋದವರು ಪೆಟ್ಟಿಗೆ ಮೇಲೇ ಕೂರಬೇಕು, ಅದೂ ಅವರು ತೋರಿಸಿದ ಪೆಟ್ಟಿಗೆ ಮೇಲೆ.

"ಬರ್ಬೇರದ ಮೇಲೆ ಕೂತ್ಕೊಳ್ಳಿ. ನೆಬ್ಬಿಯೋಲೊ ಮೇಲೆ ಬೇಡ, ಅದು ಇನ್ನೂ ಮಲಗಿದೆ" ಅನ್ನುತ್ತಿದ್ದರು.

ಇವೆಲ್ಲ ದ್ರಾಕ್ಷಿಯ ಜಾತಿಗಳ ಹೆಸರು. ಆ ದ್ರಾಕ್ಷಿಯಿಂದ ಮಾಡಿದ ವೈನಿಗೂ ಅದೇ ಹೆಸರು. ಇದು ನನಗೆ ಮೊದಲು ಗೊತ್ತಿರಲಿಲ್ಲ. ಗೊತ್ತಿದ್ದರೆ ಮೊದಲನೇ ದಿನ ಆದದ್ದು ಆಗುತ್ತಿರಲಿಲ್ಲ.

ನಾನು ಮಗಳ ಬಾಣಂತನಕ್ಕೆ ಬಂದು ಇಲ್ಲೇ ಉಳಿದುಬಿಟ್ಟವಳು. ಮೊಮ್ಮಗಳು ಹುಟ್ಟಿ ತಿಂಗಳಾಗಿರಬೇಕು. ಹಿತ್ತಿಲಿನಲ್ಲಿ ಮಗುವಿನ ಬಟ್ಟೆ ಒಣಹಾಕುತ್ತಿದ್ದೆ. ಬೇಲಿಯ ಆ ಕಡೆಯಿಂದ ಒಬ್ಬರು ದಪ್ಪ ಮೀಸೆಯವರು ನನ್ನ ಕಡೆ ಕೈ ಎತ್ತಿ, ನಗುತ್ತ, ಸ್ಪಷ್ಟವಾದ ಕನ್ನಡದಲ್ಲಿ ಹೇಳಿದರು:

"ನೊಣ, ಬರ್ಬೇಡ."

ನಾನು ಹಿಂದೆ ತಿರುಗಿ ನೋಡಿದೆ. ಬೇರೆ ಯಾರೂ ಇರಲಿಲ್ಲ. ಅವರು ಇನ್ನೊಂದು ಸಲ ಹೇಳಿದರು. ಕೈಯಲ್ಲಿ ಸೀಸೆ ಬೇರೆ ಇತ್ತು. ನಾನು ಬಟ್ಟೆ ಬಿಟ್ಟು ಒಳಗೆ ಬಂದು ಬಾಗಿಲು ಹಾಕಿಕೊಂಡೆ.

"ಪಕ್ಕದ ಮನೆಯವ್ನಿಗೆ ಕನ್ನಡ ಬರತ್ತೆ ಕಣೇ" ಅಂದೆ ಮಗಳಿಗೆ. "ನನ್ನ ನೊಣ ಅಂದ. ಬರ್ಬೇಡ ಅಂದ."

"ಅಮ್ಮ, ಅವ್ರು ಇಟಲಿಯೋರು. ಅವ್ರಿಗೆಲ್ಲಿಂದ ಕನ್ನಡ ಬರ್ಬೇಕು?"

"ಎಲ್ಲಿಂದನಾದ್ರೂ ಬರ್ಲಿ. ಕಲಿತಿದ್ದು ಎರಡೇ ಮಾತು, ಎರಡೂ ಬೈಗುಳ."

ಅಳಿಯ ಹೇಳಿದ, "ಅತ್ತೆ, ನಾವು ಬಂದು ಇಷ್ಟು ವರ್ಷ ಆಯ್ತು, ನಮಗೆ ಹಲೋ ಬಿಟ್ಟು ಏನೂ ಅಂದಿಲ್ಲ. ನಿಮ್ಮನ್ನ ನೋಡಿದ ತಕ್ಷಣ ಗುರುತು ಹಿಡಿದ್ಬಿಟ್ರಲ್ಲ."

ಆಮೇಲೆ ಕೆಲವು ದಿನ ನಾನು ಹಿತ್ತಿಲಿಗೆ ಹೋಗಲಿಲ್ಲ. ಬಟ್ಟೆಯೆಲ್ಲ ಒಳಗೆ ಹೀಟರಿನ ಮೇಲೆ ಒಣಗಿತು. ಆ ಕಡೆ ಅವರಿಗೂ ಬೇಜಾರಾಗಿತ್ತಂತೆ. ಮಗು ಹುಟ್ಟಿದ ಮನೆಗೆ ಒಂದು ಸೀಸೆ ಕೊಡುವುದು ಅವರ ಕಡೆ ಪದ್ಧತಿ. ಈ ಮುದುಕಿಗೆ ಬರ್ಬೇರ ಹಿಡಿಸಲಿಲ್ಲ, ನೋಡಿದ ತಕ್ಷಣ ಓಡಿಹೋದಳು, ಇನ್ನೂ ಒಳ್ಳೆಯದು ಬೇಕೇನೋ ಅಂದುಕೊಂಡು ದಿನಾ ಬೇರೆ ಬೇರೆ ಸೀಸೆ ಹಿಡಿದು ಬೇಲಿ ಹತ್ತಿರ ಕಾದಿದ್ದಾರೆ. ಕೊನೆಗೆ ಮಗಳೇ ಹೋಗಿ ವಿಚಾರಿಸಿದಳು. ನೋನ್ನಾ ಅಂದರೆ ಅವರ ಭಾಷೆಯಲ್ಲಿ ಅಜ್ಜಿ. ಬರ್ಬೇರ ಅಂದರೆ ಅವರ ತೋಟದ ಕೆಂಪು ವೈನು. ಅಜ್ಜಿ, ಇಗೋ ಬರ್ಬೇರ ಅಂತ ಅವರು ಹೇಳಿದ್ದು.

ನನಗೆ ನಾಚಿಕೆಯೇನೂ ಆಗಲಿಲ್ಲ. ನನ್ನ ಕಿವಿಗೆ ಇವತ್ತಿಗೂ ಅದು ನೊಣ ಅಂತಲೇ ಕೇಳುತ್ತದೆ. ಅವರು ಕೊನೆಯವರೆಗೂ ಹಾಗೇ ಕರೆದರು, ನಾನು ಹೂಂ ಅನ್ನುತ್ತಿದ್ದೆ.

ಅವರು ಲಂಡನ್ನಿಗೆ ಬಂದು ಮೂವತ್ತು ವರ್ಷದ ಮೇಲಾಗಿತ್ತು, ನಾನು ಬಂದು ಮೂರು ತಿಂಗಳು. ಇಬ್ಬರ ಇಂಗ್ಲಿಷೂ ಒಂದೇ ಮಟ್ಟದ್ದು, ಆದ್ದರಿಂದ ಚೆನ್ನಾಗಿ ಅರ್ಥವಾಗುತ್ತಿತ್ತು. ಮಗಳು ನಡುವೆ ಬಂದು ಬಿಡಿಸಿ ಹೇಳಿದಾಗಲೇ ಗೊಂದಲವಾಗುತ್ತಿದ್ದದ್ದು. ಅವರ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ನಾನು ದೊಡ್ಡಬಳ್ಳಾಪುರದ ಕಡೆಯವಳು ಅಂದಾಗ ಅವರಿಗೆ ಏನೂ ಅನ್ನಿಸಲಿಲ್ಲ. ನಮ್ಮ ಮನೆಯಲ್ಲೂ ದ್ರಾಕ್ಷಿ ತೋಟ ಇತ್ತು ಅಂದ ಮೇಲೆ ವ್ಯಾನಿನ ಬಾಗಿಲು ಹಾಕಿ ಇಳಿದು ಬಂದರು. ಅವರ ಹಿತ್ತಿಲಿನಲ್ಲಿ, ನಮ್ಮ ಬೇಲಿಗೆ ಒತ್ತಿ, ಊರಿನಿಂದ ತಂದು ನೆಟ್ಟ ಒಂದು ಬರ್ಬೇರ ಬಳ್ಳಿ ಇತ್ತು. ಸೊಂಟದೆತ್ತರಕ್ಕೆ ತಂತಿ ಕಟ್ಟಿ ಹಬ್ಬಿಸಿದ್ದರು. ಚಪ್ಪರ ಯಾಕೆ ಹಾಕಿಲ್ಲ ಅಂದೆ. ಅವರು ಊರಿನ ಫೋಟೋ ತಂದು ತೋರಿಸಿದರು. ಗುಡ್ಡದ ತುಂಬ ಬಾಚಿದ ತಲೆಯ ಹಾಗೆ ಸಾಲು ಸಾಲು ಬಳ್ಳಿ, ಎಲ್ಲೂ ಚಪ್ಪರವಿಲ್ಲ. ಬಿಸಿಲಿಗೆ ಯಾರೂ ಅಡ್ಡ ಬರಬಾರದಂತೆ. ನಮ್ಮ ಕಡೆ ಬಿಸಿಲಿಗೆ ಅಡ್ಡ ಬರದಿದ್ದರೆ ದ್ರಾಕ್ಷಿಯ ಜೊತೆ ನಾವೂ ಒಣಗುತ್ತೇವೆ ಅಂದೆ.

"ವರ್ಷಕ್ಕೆ ಯಾವಾಗ ಸವರ್ತೀರಿ?" ಅಂತ ಕೇಳಿದರು. ಬಳ್ಳಿಯ ಕಡ್ಡಿ ಕತ್ತರಿಸುವುದನ್ನು ಕೇಳಿದ್ದು.

"ಎರಡು ಸಲ. ಯುಗಾದಿ ಆದ್ಮೇಲೊಂದ್ಸಲ, ದಸರಾ ಹೊತ್ಗೊಂದ್ಸಲ."

"ಎರಡು ಸಲ? ಮತ್ತೆ ಅದು ಮಲಗೋದು ಯಾವಾಗ?"

"ಮಲಗಲ್ಲ. ನಮ್ಮೂರಲ್ಲಿ ಯಾರೂ ಮಲಗಲ್ಲ."

ಅವರು ತಮ್ಮ ಬಳ್ಳಿಯ ಕಡೆ ತಿರುಗಿದರು. "ಪಾಪ" ಅಂದರು. ಆರು ತಿಂಗಳು ಎಲೆಯೂ ಇಲ್ಲದೆ ಸತ್ತ ಹಾಗೆ ನಿಂತಿರುವ ಅವರ ಬಳ್ಳಿ ನೋಡಿ ನಾನೂ ಪಾಪ ಅಂದೆ. ಅಲ್ಲಿಂದ ಸ್ನೇಹವಾಯಿತು.

ಆ ಬಳ್ಳಿಯಲ್ಲಿ ಕಾಯಿ ಬಿಡುತ್ತಿತ್ತು, ಹಣ್ಣಾಗುತ್ತಿರಲಿಲ್ಲ. ಇಲ್ಫರ್ಡಿನ ಬಿಸಿಲು ಅಷ್ಟೇ. ಒಂದು ವರ್ಷ ಹಟ ಮಾಡಿ ಅದರಲ್ಲೇ ವೈನು ಮಾಡಿದರು. ಒಂದು ಗುಟುಕು ಕುಡಿದು, ಮೀಸೆ ಒರೆಸಿಕೊಂಡು, ಉಳಿದದ್ದನ್ನು ಸಿಂಕಿಗೆ ಸುರಿದು, ಸಿಂಕನ್ನೂ ತೊಳೆದರು. ಮಾರನೇ ವರ್ಷ ನಾನು ಆ ಕಾಯಿ ಕಿತ್ತು, ಹಸಿಮೆಣಸಿನಕಾಯಿ ಹಾಕಿ ಗೊಜ್ಜು ಮಾಡಿಕೊಟ್ಟೆ. ತಮ್ಮ ಮನೆತನದ ದ್ರಾಕ್ಷಿಗೆ ಒಗ್ಗರಣೆ ಬಿದ್ದದ್ದು ನೋಡಿ ಅವರು ಒಂದು ವಾರ ಮಾತಾಡಲಿಲ್ಲ. ವಾರ ಕಳೆದ ಮೇಲೆ ಖಾಲಿ ಬಟ್ಟಲು ಹಿಡಿದು ಬಂದರು.

ಭಾನುವಾರ ನಮ್ಮಲ್ಲೇ ಊಟ. ನಾನು ಕುಡಿಯುವವಳಲ್ಲ. ಅಳಿಯ ಕುಡಿಯುತ್ತಾನೆ, ನಾನು ನೋಡುತ್ತಿಲ್ಲ ಅಂತ ತಿಳಿದುಕೊಂಡು ಕುಡಿಯುತ್ತಾನೆ. ದ್ರಾಕ್ಷಿಯವರು ಮೊದಲು ಸಾರನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುವರು. ಆಮೇಲೆ ಎದ್ದು ತಮ್ಮ ಮನೆಗೆ ಹೋಗಿ ಸರಿಯಾದ ಸೀಸೆ ತರುವರು. ಕೋಳಿ ಸಾರು, ಮುದ್ದೆಗೆ ಬರ್ಬೇರ. ಯಾಕೆ ಅಂದರೆ ಅದರಲ್ಲಿ ಹುಳಿ ಜಾಸ್ತಿ, ಕೊಬ್ಬನ್ನು ಕತ್ತರಿಸುತ್ತದೆ. ಅದಕ್ಕೇ ನಾನು ಹುಣಸೇಹಣ್ಣು ಹಾಕಿರುವುದು ಅಂದೆ. ಹೌದಾ, ಹಾಗಾದರೆ ನೀವು ಈಗಾಗಲೇ ಅರ್ಧ ಸೀಸೆ ಹಾಕಿದ್ದೀರಿ ಅಂದರು. ಅವರೆಕಾಳಿನ ಸಾರಿಗೆ ದೊಲ್ಚೆತ್ತೊ. ಆ ಮಾತಿಗೆ ಸಿಹಿ ಅಂತ ಅರ್ಥವಂತೆ, ಆದರೆ ವೈನಿನಲ್ಲಿ ಸಿಹಿ ಇಲ್ಲವಂತೆ. ನಮ್ಮೂರಲ್ಲೂ ಶಾಂತಮ್ಮ ಅಂತ ಒಬ್ಬಳಿದ್ದಳು ಅಂದೆ. ಒಬ್ಬಟ್ಟಿಗೆ ಮೊಸ್ಕಾತೊ. ಅದು ನಿಜವಾಗಿ ಸಿಹಿ, ಸೋಡಾದ ಹಾಗೆ ನೊರೆ. ಉಪ್ಪಿಟ್ಟಿಗೆ ಏನು ಅಂತ ಅಳಿಯ ಕೇಳಿದ. ಅವರು ಒಂದು ಚಮಚ ತಿಂದು ಕಣ್ಣು ಮುಚ್ಚಿ ಬಹಳ ಹೊತ್ತು ಕೂತರು.

"ನೀರು" ಅಂದರು.

ನೆಬ್ಬಿಯೋಲೊ ಮಾತ್ರ ನಮ್ಮ ಮನೆಗೆ ತರುತ್ತಿರಲಿಲ್ಲ. ಮೆಣಸಿನಕಾಯಿ ಕಂಡರೆ ಅದು ಜಗಳಕ್ಕೆ ಬೀಳುತ್ತದಂತೆ. ಅವರ ಗುಡ್ಡದಲ್ಲಿ ಎಲ್ಲಕ್ಕಿಂತ ದೊಡ್ಡ ಮನುಷ್ಯ ಅದೇ. ತಡವಾಗಿ ಹಣ್ಣಾಗುತ್ತದೆ, ವರ್ಷಗಟ್ಟಲೆ ಪೀಪಾಯಿಯಲ್ಲಿ ಕೂರುತ್ತದೆ, ಎಳೆಯದರಲ್ಲಿ ಕುಡಿದರೆ ಬಾಯೆಲ್ಲ ಹಿಡಿದುಕೊಳ್ಳುತ್ತದೆ. ಹೇಗೆ ಹಿಡಿದುಕೊಳ್ಳುತ್ತದೆ ಅಂತ ಹೇಳಲು ಅವರಿಗೆ ಇಂಗ್ಲಿಷ್ ಸಿಗಲಿಲ್ಲ. ಬೆರಳು ಅದ್ದಿ ನಾಲಿಗೆಗೆ ಒಂದು ಹನಿ ಮುಟ್ಟಿಸಿಕೊಳ್ಳಿ ಅಂದರು. ಔಷಧಿ ಅಂದುಕೊಂಡು ಮುಟ್ಟಿಸಿಕೊಂಡೆ.

"ಒಗರು" ಅಂದೆ. ಎಳೇ ಬಾಳೆಕಾಯಿ, ನೇರಳೆಹಣ್ಣು ತಿಂದರೆ ಆಗುತ್ತದಲ್ಲ, ಅದೇ.

"ಒಗರು" ಅಂದರು. ಇನ್ನೊಮ್ಮೆ ಅಂದು ನೋಡಿದರು. ಅವರಿಗೆ ಬಹಳ ಹಿಡಿಸಿತು. ಮಾರನೇ ದಿನದಿಂದ ಹೋಟೆಲಿನವರ ಹತ್ತಿರವೆಲ್ಲ ಇದು ಬಹಳ ಒಗರು, ಇದು ಸ್ವಲ್ಪ ಒಗರು ಅಂತ ಹೇಳುತ್ತ ಓಡಾಡಿದರು. ಇಟಲಿಯ ಮಾತು ಅಂದುಕೊಂಡು ಒಬ್ಬ ಹೋಟೆಲಿನವನು ಮೆನುವಿನಲ್ಲಿ ಅಚ್ಚು ಹಾಕಿಸಿಬಿಟ್ಟ. ಕನ್ನಡದವರು ಯಾರಾದರೂ ಲಂಡನ್ನಿನ ಇಟಾಲಿಯನ್ ಹೋಟೆಲಿನಲ್ಲಿ ಆ ಮಾತು ಕಂಡು ಬೆರಗಾಗಿದ್ದರೆ, ಅದು ನನ್ನಿಂದ ಆದದ್ದು.

ಈಗ ಮೊಮ್ಮಗಳ ವಿಷಯಕ್ಕೆ ಬರಲೇಬೇಕು. ಇಷ್ಟು ಹೊತ್ತು ತಡೆದದ್ದೇ ಹೆಚ್ಚು.

ಅವಳಿಗೆ ಎರಡು ವರ್ಷ ತುಂಬಿದರೂ ಮಾತು ಬರಲಿಲ್ಲ. ಕಣ್ಣು ಚುರುಕು, ಕಿವಿ ಚುರುಕು, ನಗು ಅಂದರೆ ಮನೆಯೆಲ್ಲ ದೀಪ ಹಚ್ಚಿದ ಹಾಗೆ. ಮಾತು ಮಾತ್ರ ಇಲ್ಲ. ಮಕ್ಕಳನ್ನು ನೋಡಲು ಮನೆಗೆ ಬರುವ ನರ್ಸಮ್ಮ ಕೂತು ಕೇಳಿ ಹೇಳಿದರು: ಎರಡೆರಡು ಭಾಷೆ ಕಿವಿಗೆ ಬಿದ್ದು ಮಗುವಿಗೆ ಗೊಂದಲವಾಗಿದೆ, ಇನ್ನು ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ. ಒಳ್ಳೆಯ ಹೆಂಗಸು, ಒಳ್ಳೆಯದಕ್ಕೇ ಹೇಳಿದ್ದು. ಮಗಳು ಹೆದರಿಹೋದಳು.

"ಅಮ್ಮ, ಸ್ವಲ್ಪ ದಿನ. ಅವಳಿಗೆ ಮಾತು ಬರೋವರೆಗೆ."

"ನಾನೇನ್ ಮಾಡ್ಲಿ? ನಂಗಿರೋ ಇಂಗ್ಲಿಷು ಬಸ್ಸಿಗಾಗತ್ತೆ ಅಷ್ಟೆ."

"ಸುಮ್ನೆ ಎತ್ಕೊಂಡಿರು, ಸಾಕು."

ಸುಮ್ಮನೆ ಎತ್ತಿಕೊಂಡಿದ್ದೆ. ಬೆಳಿಗ್ಗೆ ಮಗಳು ಆಸ್ಪತ್ರೆಯ ಲ್ಯಾಬಿಗೆ, ಅಳಿಯ ರೈಲ್ವೆ ಕೆಲಸಕ್ಕೆ ಹೊರಟರೆ ಸಂಜೆಯವರೆಗೆ ನಾನೂ ಮಗುವೂ. ಇಬ್ಬರೂ ಮೂಕರು. ಅನ್ನ ಕಲಸಿ ಬಾಯಿಗಿಡುವಾಗ ಕಾಗೆ ಗುಬ್ಬಿ ಅನ್ನುವ ಹಾಗಿಲ್ಲ. ಮಗು ನನ್ನ ಬಾಯನ್ನೇ ನೋಡುತ್ತಿತ್ತು, ಇದಕ್ಕೇನಾಯಿತು ಅಂತ.

ಒಂದು ದಿನ ದ್ರಾಕ್ಷಿಯವರು ಬೇಲಿಯ ಆ ಕಡೆ ಬಳ್ಳಿ ಸವರುತ್ತ ಕೇಳಿದರು, "ನೊಣ, ಯಾಕೆ ದನಿ ಇಲ್ಲ? ಗೋಡೆ ಆ ಕಡೆಯಿಂದ ಏನೂ ಕೇಳ್ತಿಲ್ಲ."

ಹೇಳಿದೆ. ಅವರು ಕತ್ತರಿ ಕೆಳಗಿಟ್ಟರು.

ಅವರ ಮಗನಿಗೂ ಹೀಗೇ ಆಗಿತ್ತಂತೆ. ಶಾಲೆಯವರು ಮನೆಯಲ್ಲಿ ನಿಮ್ಮ ಭಾಷೆ ಬಿಡಿ ಅಂದರು, ಹೆಂಡತಿ ಬಿಟ್ಟರು, ಇವರೂ ಬಿಟ್ಟರು. ಇವರ ತಾಯಿ ಊರಿನಲ್ಲಿ ಮೊಮ್ಮಗನನ್ನು ಬೇಸಿಗೆ ಬೇಸಿಗೆ ನೋಡಿದರು, ತಲೆ ಸವರಿದರು, ತಟ್ಟೆಗೆ ಬಡಿಸಿದರು. ಅವನ ಜೊತೆ ಒಂದು ಮಾತೂ ಆಡಲಾಗದೆ ಸತ್ತರು.

"ಈಗ ಮಗ ಬರ್ತಾನೆ" ಅಂದರು. "ಇಬ್ಬರೂ ಕೂತು ಹವಾಮಾನ ಮಾತಾಡ್ತೀವಿ. ನನ್ನ ಇಂಗ್ಲಿಷ್ ಹವಾಮಾನದವರೆಗೆ ಹೋಗುತ್ತೆ. ಅದರಾಚೆ ಹೋಗಲ್ಲ."

ನನ್ನ ಇಂಗ್ಲಿಷ್ ಹವಾಮಾನದವರೆಗೂ ಹೋಗುವುದಿಲ್ಲ ಅಂತ ನನಗೆ ಆಗ ಹೊಳೆಯಿತು.

"ಆ ನರ್ಸು ಹೇಳಿದ್ದು ಏನು? ಸರಿಯಾಗಿ ಹೇಳಿ" ಅಂದರು.

"ಮನೇಲಿ ಇಂಗ್ಲಿಷ್ ಮಾತ್ರ ಅಂದ್ರು."

"ಮನೇಲಿ." ಅವರು ಸುತ್ತಲೂ ನೋಡಿದರು. ಬಟ್ಟೆಯ ಹಗ್ಗ ನೋಡಿದರು, ಬಳ್ಳಿ ನೋಡಿದರು, ಅಂಗೈ ಮೇಲೆ ಮಾಡಿ ಹಿಡಿದರು. ಸಣ್ಣಗೆ ಹನಿಯುತ್ತಿತ್ತು. "ಇದು ಮನೆಯಲ್ಲ. ಇಲ್ಲಿ ಮಳೆ ಬರುತ್ತೆ."

ಅಂದಿನಿಂದ ನಾನೂ ಮಗುವೂ ಹಿತ್ತಿಲಿನಲ್ಲೇ. ಅಳಿಯನ ಹಳೇ ಕೋಟು ತೊಟ್ಟು, ಮಗುವಿಗೆ ಒಂದರ ಮೇಲೊಂದು ಉಣ್ಣೆ ಬಟ್ಟೆ ತೊಡಿಸಿ, ಮಂಜಿನಲ್ಲೂ ಹೊರಗೆ. ಅಲ್ಲಿ ದೊಡ್ಡಬಳ್ಳಾಪುರದ ಕನ್ನಡವನ್ನೆಲ್ಲ ಸುರಿದೆ. ಕಾಗೆ, ಗುಬ್ಬಿ, ಸಂತೆ, ನಮ್ಮತ್ತೆಯ ಜಗಳ, ಎಲ್ಲ. ಬೇಲಿಯ ಒಂದು ಹಲಗೆ ಸಡಿಲವಾಗಿತ್ತು, ಅದನ್ನು ಸರಿಸಿ ದ್ರಾಕ್ಷಿಯವರು ಬಂದು ತಾವೂ ತಮ್ಮ ಭಾಷೆಯಲ್ಲಿ ಒಂದಷ್ಟು ಹೇಳಿ ಹೋಗುತ್ತಿದ್ದರು. ಮಗು ಇಬ್ಬರನ್ನೂ ನೋಡುತ್ತಿತ್ತು.

"ಅಮ್ಮ, ಈ ಚಳೀಲಿ ಅದೇನು ಹೊರಗೆ?" ಅಂತ ಮಗಳು ಕೇಳಿದರೆ "ಗಾಳಿ ಕಣೇ, ಮಗೂಗೆ ಗಾಳಿ ಬೇಕು" ಅನ್ನುತ್ತಿದ್ದೆ. ಒಳಗೆ ಬಂದರೆ ಮತ್ತೆ ಮೂಕಿ.

ಆ ಸೆಪ್ಟೆಂಬರಿನ ಒಂದು ಭಾನುವಾರ. ಬಿಸಿಲು ಬಂದಿತ್ತು. ಹುಲ್ಲಿನ ಮೇಲೆ ಚಾಪೆ ಹಾಸಿ ಮಗುವಿಗೆ ಅನ್ನ ಸಾರು ತಿನ್ನಿಸುತ್ತಿದ್ದೆ. ಹಲಗೆ ಸರಿಯಿತು. ದ್ರಾಕ್ಷಿಯವರು ಕೈಯಲ್ಲಿ ಸೀಸೆ, ಕಾಲಲ್ಲಿ ಕೆಸರಿನ ಬೂಟು, ನೇರ ಚಾಪೆಯ ಮೇಲೆ ಕಾಲಿಡಲು ಬಂದರು. ಮಗು ತುತ್ತು ನುಂಗಿ, ಕೈ ಮುಂದೆ ಚಾಚಿ, ಬಿಡಿಸಿ ಹೇಳಿತು:

"ಬರ್ಬೇಡ."

ಅವರು ಒಂಟಿಕಾಲಿನಲ್ಲಿ ನಿಂತರು. ನನ್ನ ಕೈಯಿಂದ ತುತ್ತು ಬಿತ್ತು.

"ಬರ್ಬೇರ" ಅಂದರು ಅವರು. "ನೊಣ, ಬರ್ಬೇರ ಅಂದಳು. ಸೀಸೆ ನೋಡಿ ಕೈ ಚಾಚಿದಳು."

"ಬರ್ಬೇಡ ಅಂದ್ಳು. ನಿಮ್ ಬೂಟು ನೋಡಿ ಬರ್ಬೇಡ ಅಂದ್ಳು. ಕಾಲು ಹಿಂದಕ್ಕೆ ತಗೊಳ್ಳಿ."

ಮಗಳು ಸೋಪಿನ ಕೈಯಲ್ಲೇ ಓಡಿ ಬಂದಳು. "ಏನಂದ್ಳು? ಏನಂದ್ಳಮ್ಮ?"

ಇಬ್ಬರೂ ಒಟ್ಟಿಗೇ ಹೇಳಿದೆವು. ಮಗಳು ಒಮ್ಮೆ ನನ್ನ ಮುಖ, ಒಮ್ಮೆ ಅವರ ಮುಖ ನೋಡಿದಳು. "ಇಬ್ರೂ ಒಂದನ್ನೇ ಹೇಳ್ತಾ ಯಾಕೆ ಕಿತ್ತಾಡ್ತಿದೀರಿ?" ಅಂದು ಹುಲ್ಲಿನ ಮೇಲೆ ಕೂತು ಅತ್ತಳು. ಮಗು ಅವಳ ಸೋಪಿನ ಕೈ ನೋಡಿ ಅವಳಿಗೂ ಬರ್ಬೇಡ ಅಂದಿತು. ಇದನ್ನು ನಾನು ಸಾಕ್ಷಿಯಾಗಿ ತೋರಿಸಿದೆ. ಅವರು ಒಪ್ಪಲಿಲ್ಲ. ನಮ್ಮ ಮನೆತನದಲ್ಲಿ ಯಾರೂ ಸಾಕ್ಷಿಗೆ ಬಗ್ಗುವುದಿಲ್ಲ ಅಂದರು.

ಮುಂದಿನ ಸಲ ನರ್ಸಮ್ಮ ಬಂದಾಗ ಮಗು ಮಾತಾಡಿದೆ ಅಂತ ಮಗಳು ಹೇಳಿದಳು. ಯಾವ ಭಾಷೆಯಲ್ಲಿ ಅಂತ ಅವರು ಕೇಳಿದರು. ಮಗಳು ಬೆವರಿದಳು. ಅಳಿಯ ಪೇಪರಿನಿಂದ ತಲೆ ಎತ್ತದೆ ಹೇಳಿದ, "ಇಟಾಲಿಯನ್."

"ಮನೇಲಿ ಇಟಾಲಿಯನ್ ಆಡ್ತೀರಾ?"

"ಇಲ್ಲ, ಹಿತ್ತಲಲ್ಲಿ."

ನರ್ಸಮ್ಮ, ಏನು ಮಾಡುತ್ತಿದ್ದೀರೋ ಅದನ್ನೇ ಮುಂದುವರಿಸಿ ಅಂದು ಚಹಾ ಕುಡಿದು ಹೋದರು. ನಾನು ಅವತ್ತೇ ಮನೆಯೊಳಗೂ ಮಾತು ಶುರುಮಾಡಿದೆ.

ಆಮೇಲೆ ಮೊಮ್ಮಗಳು ಎರಡು ಮೂರು ವರ್ಷ ಎರಡೂ ಭಾಷೆ ಕಲಸಿ ಗುಬ್ಬಿಯ ಹಾಗೆ ಮಾತಾಡಿದಳು. ಶಾಲೆಗೆ ಸೇರಿದಳು. ಕನ್ನಡ ಕಿವಿಯಲ್ಲಿ ಉಳಿಯಿತು, ಬಾಯಿಂದ ಹೋಯಿತು. ಊಟ ಮಾಡ್ದ್ಯಾ ಚಿನ್ನ ಅಂದರೆ "ಯಾ" ಅನ್ನುವಳು. ಏನ್ ತಿಂದೆ ಅಂದರೆ "ಸ್ಟಫ್" ಅನ್ನುವಳು. ಸ್ಟಫ್ ಅಂದರೆ ಯಾವ ಪದಾರ್ಥ ಅಂತ ನಾನು ಬಹಳ ದಿನ ಯೋಚಿಸಿದೆ. ಈಸ್ಟ್ ಹ್ಯಾಮಿನಲ್ಲಿ ದೋಸೆ ತಿನ್ನಲು ಹೋದಾಗ ನಮ್ಮವರ ಮಕ್ಕಳೆಲ್ಲ ಹೀಗೇ ಅಂತ ಕಂಡು ಸ್ವಲ್ಪ ಸಮಾಧಾನವಾಯಿತು, ಸ್ವಲ್ಪ ಭಯವೂ ಆಯಿತು. ಅವಳು ಬೆಳೆಯುತ್ತಿದ್ದಾಳೆ, ಮಾತು ಉದ್ದವಾಗುತ್ತಿದೆ, ನನಗೆ ಎಟುಕುವುದು ಕಡಿಮೆಯಾಗುತ್ತಿದೆ. ದ್ರಾಕ್ಷಿಯವರ ತಾಯಿ ತಟ್ಟೆಗೆ ಬಡಿಸಿ ಸುಮ್ಮನೆ ಕೂತದ್ದು ಒಮ್ಮೊಮ್ಮೆ ನೆನಪಾಗುತ್ತಿತ್ತು, ನಾನು ಅವರನ್ನು ನೋಡದೆ ಇದ್ದರೂ.

ಅವರು ಬೇಲಿಯ ಮೇಲಿಂದ ಕಾಲೆಳೆಯುತ್ತಿದ್ದರು. "ನೊಣ, ಹೇಗಿದೆ ನಿಮ್ಮ ಕನ್ನಡ? ಬಂದಿದ್ದು ಒಂದು ಮಾತು, ಅದೂ ನಮ್ಮದು."

"ನಿಮ್ದು ಸಿಂಕಿಗೆ ಹೋಯ್ತು, ಮರೀಬೇಡಿ" ಅನ್ನುತ್ತಿದ್ದೆ.

ಈ ವರ್ಷ ಅವರ ಅಣ್ಣನ ಮಗಳು ತೋಟ ನೋಡಿಕೊಳ್ಳುತ್ತೇನೆ, ಚಿಕ್ಕಪ್ಪ ನೀವು ಬಂದು ಕೂತು ಬರೀ ರುಚಿ ನೋಡಿ ಅಂತ ಕರೆದಳಂತೆ. ಮಂಡಿ ಹೋಗಿ ಪೆಟ್ಟಿಗೆ ಎತ್ತಲಾಗುತ್ತಿರಲಿಲ್ಲ. ಮನೆ ಮಾರಿದರು. ಹೊರಡುವ ಮುಂಚೆ ಬಳ್ಳಿಯ ಒಂದು ಕವಲನ್ನು ಬಾಗಿಸಿ, ನಮ್ಮ ಕಡೆಯ ಮಣ್ಣಿನಲ್ಲಿ ಹೂತು, ಬೇರು ಬಿಡಿಸಿ ಕೊಟ್ಟರು.

"ವರ್ಷಕ್ಕೆ ಒಂದೇ ಸಲ ಸವರಬೇಕು" ಅಂದರು. "ಎರಡು ಸಲ ಅಲ್ಲ. ಅದನ್ನ ಮಲಗೋಕೆ ಬಿಡಿ."

ಹೊರಡುವ ದಿನ ಮಗ ಮ್ಯಾಂಚೆಸ್ಟರಿನಿಂದ ಬಂದು ವ್ಯಾನಿಗೆ ಸಾಮಾನು ಹೇರಿದ. ತಂದೆ ಮಗ ಮಾತಾಡಿದ್ದು ನನಗೆ ಕೇಳಿಸಿತು. ಮಳೆ ಬರಲ್ಲ ಅನ್ಸತ್ತೆ ಅಂದ ಮಗ. ಬರಲ್ಲ ಅಂದರು ಇವರು. ಅಷ್ಟೇ. ಅಳಿಯ ಕೈ ಕುಲುಕಿದ, ಮಗಳು ಅಪ್ಪಿಕೊಂಡಳು, ನಾನು ಒಂದು ಡಬ್ಬ ಗೊಜ್ಜು ಕೊಟ್ಟೆ. ಅವರು ವ್ಯಾನು ಹತ್ತಿ ಕೂತು ಕಿಟಕಿ ಇಳಿಸಿದರು. ಮಗ ಇಂಜಿನ್ ಹಾಕಿದ.

ಮೊಮ್ಮಗಳು ಅಲ್ಲಿಯವರೆಗೆ ನನ್ನ ಸೆರಗು ಹಿಡಿದು ನಿಂತಿದ್ದವಳು, ಹೋಗಿ ಕಿಟಕಿಯ ಅಂಚು ಹಿಡಿದುಕೊಂಡಳು. ಇಂಗ್ಲಿಷಿನಲ್ಲಿ ಬಾಯ್ ಅನ್ನುತ್ತಾಳೆ ಅಂದುಕೊಂಡೆ.

"ಹೋಗ್ಬೇಡ" ಅಂದಳು.

ಮತ್ತೆ ಅಂದಳು, "ಹೋಗ್ಬೇಡ ತಾತ."

ಯಾರೂ ಹೇಳಿಕೊಟ್ಟದ್ದಲ್ಲ. ನಾನು ಅಲ್ಲೇ ಗೇಟಿನ ಕಂಬ ಹಿಡಿದು ನಿಂತೆ. ಮಗ ಇಂಜಿನ್ ಆರಿಸಿ, ಅವಳು ಏನಂದಳು ಅಂತ ಕೇಳಿದ. ದ್ರಾಕ್ಷಿಯವರು ಕಣ್ಣು ಮುಚ್ಚಿಕೊಂಡರು, ಸಾರಿನ ರುಚಿ ನೋಡುವಾಗ ಮುಚ್ಚುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿದರು.

"ನೊಣ" ಅಂದರು, "ಹೋಗ್ಬೇರ? ಅದು ಯಾವ ದ್ರಾಕ್ಷಿ? ನಮ್ಮ ಗುಡ್ಡದಲ್ಲಿ ಇಲ್ಲ."

"ನಮ್ಮ ಕಡೇದು" ಅಂದೆ.

ಅವರು ತಲೆಯಾಡಿಸಿದರು. ಮೀಸೆ ಒರೆಸಿಕೊಂಡರು, ಕಣ್ಣನ್ನೂ ಅದೇ ಕೈಯಲ್ಲಿ ಒರೆಸಿಕೊಂಡರು. "ಸರಿ. ಇದು ನಿಮ್ಮದು. ಮೊದಲನೇದು ನಮ್ಮದು."

ಇಷ್ಟು ವರ್ಷ ಕಿತ್ತಾಡಿದವಳು ನಾನು, ಅವತ್ತು ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಆಗಲಿ, ತಗೊಂಡು ಹೋಗಿ ಅಂದುಬಿಟ್ಟೆ.